‘ಅಪಾದಗ’ ಶಬ್ದದ ಅರ್ಥವಿಚಾರ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರೆಭೂಮಿಯಲ್ಲಿ ಎರೆಹುಳುವೂ ಹಾವೂ ಒಕ್ಕಲಿಗನಿಗೆ ನಿತ್ಯಪರಿಚಿತ ಜೀವಿಗಳು. ನಾಗರಪಂಚಮಿಯಂದು ಜನರು ಹುತ್ತಕ್ಕೆ ಹಾಲೆರೆಯುವರು. ಅದೇ ದಿನ ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ಚೇಳುಗಳಿಗೆ ಪೂಜೆ ಸಲ್ಲುವುದು. ಈ ಮೂರರಲ್ಲಿ ಹುಳುವಿಗೂ ಹಾವಿಗೂ ಕಾಲಿಲ್ಲ, ಚೇಳಿಗೆ ಉಂಟು. ಆದರೆ ಜೈನಾಗಮವು ಜೀವಗಳನ್ನು ವಿಂಗಡಿಸುವುದು ಕಾಲುಗಳಿಂದಲ್ಲ, ಇಂದ್ರಿಯಗಳಿಂದ. ಈ ಭೇದವನ್ನು ಮರೆತರೆ ಗ್ರಂಥಾರ್ಥವೇ ಕೆಡುವುದೆಂಬುದಕ್ಕೆ ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಬರುವ ‘ಅಪಾದಗ’ ಶಬ್ದವು ಉತ್ತಮ ನಿದರ್ಶನ.

ಒಗಟಿನಲ್ಲಾಗಲಿ ಪದಬಂಧದಲ್ಲಾಗಲಿ ‘ಕಾಲಿಲ್ಲದ ಪ್ರಾಣಿ’ ಎಂದರೆ ಹಾವೆಂಬ ಉತ್ತರವೇ ಮೊದಲು ಹೊಳೆಯುವುದು. ಕೋಶಗಳೂ ಇದಕ್ಕೆ ಇಂಬು ಕೊಡುತ್ತವೆ. ಉರಗವೆಂದರೆ ಎದೆಯಿಂದ ಚಲಿಸುವುದು. ಪನ್ನಗಕ್ಕೆ ಬಿದ್ದುಕೊಂಡು ಸಾಗುವುದು, ಕಾಲುಗಳಿಂದ ನಡೆಯದಿರುವುದು ಎಂಬ ಎರಡು ನಿರ್ವಚನಗಳಿವೆ. ಅಮರಸಿಂಹನು ಹಾವನ್ನು ಗೂಢಪಾದ್ ಎಂದೂ ಚಕ್ಷುಃಶ್ರವಸ್ ಎಂದೂ ಹೆಸರಿಸಿರುವನು. ಹೀಗಾಗಿ ಕೇವಲ ಕೋಶವನ್ನು ನಂಬಿದ ಟಿಪ್ಪಣಿಕಾರನು ‘ಅಪಾದಗ’ಕ್ಕೆ ‘ಹಾವು ಮೊದಲಾದವು’ ಎಂದು ಬರೆಯುವ ಸಂಭವವುಂಟು.

ಗಾಥೆಯ ಪ್ರಕರಣವು ಇದಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲಿ ಶಂಖ, ಸಿಪ್ಪುಗಳೊಡನೆ ‘ಅಪಾದಗ’, ‘ಕಿಮಿ’ ಶಬ್ದಗಳು ಬಂದಿವೆ. ಇವೆಲ್ಲ ಸ್ಪರ್ಶ, ರಸಗಳನ್ನು ಮಾತ್ರ ಅರಿಯುವ ದ್ವೀಂದ್ರಿಯಗಳು. ದ್ವೀಂದ್ರಿಯಕ್ಕೆ ಪ್ರಾಣಗಳು 6, ಸಂಜ್ಞಿ ಪಂಚೇಂದ್ರಿಯಕ್ಕೆ 10. ಹಾವು ಪಂಚೇಂದ್ರಿಯವೆಂಬುದರಲ್ಲಿ ವಿವಾದವಿಲ್ಲ. ಅಕಲಂಕದೇವರ ರಾಜವಾರ್ತಿಕವು ನರಕಗತಿಯನ್ನು ಹೇಳುವಲ್ಲಿ ಸರೀಸೃಪಗಳಿಗೆ ಎರಡನೆಯ ಭೂಮಿಯವರೆಗೆ, ಉರಗಗಳಿಗೆ ನಾಲ್ಕನೆಯದರವರೆಗೆ ಎಂದು ಪ್ರತ್ಯೇಕ ಮೇರೆಗಳನ್ನೇ ವಿಧಿಸಿದೆ.

ಓಲೆಪ್ರತಿಗಳಲ್ಲಿ ಪದವಿಭಾಗವಿಲ್ಲದ ಕಾರಣ ಅನ್ವಯವನ್ನು ಓದುಗನೇ ನಿರ್ಣಯಿಸಬೇಕು. ‘ಅಪಾದಗ’, ‘ಕಿಮಿ’ಗಳ ನಡುವೆ ಸಮುಚ್ಚಯಾರ್ಥದ ‘ಯ’ ಇದೆ. ಅದರಿಂದ ಎರಡನ್ನೂ ಬೇರೆ ಬೇರೆ ಜೀವನಾಮಗಳೆಂದು ಗ್ರಹಿಸಬಹುದು. ಶ್ವೇತಾಂಬರರು ಸ್ವೋಪಜ್ಞವೆಂದು ಒಪ್ಪುವ ತತ್ತ್ವಾರ್ಥಭಾಷ್ಯವು ದ್ವೀಂದ್ರಿಯಗಳಲ್ಲಿ ‘ಅಪಾದಿಕ’ವನ್ನು ಬೇರೆಯಾಗಿಯೇ ಎಣಿಸಿರುವುದು ಈ ಪಕ್ಷಕ್ಕೆ ಬಲ. ‘ಯ’ಕಾರವು ಇಡೀ ಪಟ್ಟಿಗೆ ಸಲ್ಲುವುದೆಂದು ಕೊಂಡರೆ ‘ಕಾಲಿಲ್ಲದ ಕ್ರಿಮಿ’ ಎಂಬ ವಿಶೇಷಣಪಕ್ಷ ಸಿದ್ಧಿಸುವುದು. ಮುಂದಿನ ಗಾಥೆ ಇದಕ್ಕೆ ಪೋಷಕ: ಹೇನು, ತಿಗಣೆ, ಇರುವೆ, ಚೇಳುಗಳು ಅಲ್ಲಿ ‘ಕೀಡ’ಗಳು, ತ್ರೀಂದ್ರಿಯಗಳು, ಕಾಲುಳ್ಳವು. ಅವುಗಳಿಂದ ಕ್ರಿಮಿಯನ್ನು ಬೇರ್ಪಡಿಸುವುದರಿಂದ ವಿಶೇಷಣವು ಸಾರ್ಥಕವಾಗುತ್ತದೆ. ಈ ಪಕ್ಷವೇ ಪ್ರಕರಣಕ್ಕೆ ಹೆಚ್ಚು ಹೊಂದುವುದು. ಯಾವ ಪಕ್ಷವನ್ನು ಹಿಡಿದರೂ ಹಾವಿಗೆ ಇಲ್ಲಿ ಸ್ಥಾನವಿಲ್ಲ.

ಇದು ಕೇವಲ ಶಬ್ದಚರ್ಚೆಯಲ್ಲ. ಯಾದಗಿರಿಗೆ ಸಮೀಪದ ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿ, ಅಂದಿನ ಮಾನ್ಯಖೇಟ. ಅವನ ಕಾಲದ ಜಿನಸೇನಾಚಾರ್ಯರು ಪಾರ್ಶ್ವಾಭ್ಯುದಯವನ್ನು ರಚಿಸಿದರು. ಅವರ ಶಿಷ್ಯ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಪಾರ್ಶ್ವಕುಮಾರನ ಉಪದೇಶದಿಂದ ಶಾಂತಿಹೊಂದಿದ ಸರ್ಪಯುಗಳವು ಧರಣೇಂದ್ರ-ಪದ್ಮಾವತಿಯರಾಗಿ ಜನಿಸುವುದು. ಕಿವಿಯೂ ಮನಸ್ಸೂ ಇಲ್ಲದ ಜೀವಕ್ಕೆ ಉಪದೇಶವು ಸಲ್ಲದು. ಹಾವನ್ನು ದ್ವೀಂದ್ರಿಯಗಳ ಸಾಲಿಗೆ ಇಳಿಸುವ ಒಂದು ಟಿಪ್ಪಣಿಯು ಆ ಕಥೆಯ ಆಧಾರವನ್ನೇ ಕಳೆಯುವುದು. ಆದುದರಿಂದ ಸಂಪಾದಕರು ಈ ಶಬ್ದಕ್ಕೆ ‘ಕಾಲಿಲ್ಲದ ಹುಳು’ ಎಂದೇ ಅರ್ಥ ಬರೆಯುವುದು ಯುಕ್ತ.