ಕಲ್ಲಿನ ತೇರಿಗೊಂದು ಶಿಖರವಿತ್ತು

ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ವಿಠ್ಠಲ ದೇವಾಲಯದ ಕಲ್ಲಿನ ತೇರಿನ ಮುಂದೆ ನನ್ನ ಕ್ಯಾಮೆರಾವನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಆಟೋದಲ್ಲಿ ತೆಗೆದಳು. ಹಿಂದಿನ ಆಕಾಶ ಬೆಳ್ಳಗೆ ಬಂತು, ತೇರು ಕಪ್ಪಾಯಿತು. ‘ಈಗ ಮ್ಯಾನ್ಯುಯಲ್‌ಗೆ ತಿರುಗಿಸು’ ಅಂದೆ. ‘ಸರ್, ಅದೇ ತಾನಾಗಿ ತೆಗೀತದಲ್ಲ, ನಾವ್ಯಾಕೆ ಕಷ್ಟಪಡಬೇಕು?’ ಅಂದಳು.

ಅವಳ ಪ್ರಶ್ನೆಗೆ ಉತ್ತರ ಆ ತೇರಿನ ಚರಿತ್ರೆಯಲ್ಲೇ ಇದೆ.

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇದೇ ಹಂಪಿಯ ಫೋಟೋಗಳನ್ನು ತೆಗೆದ. ಆಗ ಹಂಪಿಯೂ ನಮ್ಮ ಆದವಾನಿಯೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ಗ್ರೀನ್‌ಲಾ ಚಿತ್ರಗಳು ನಮ್ಮ ಸೀಮೆಯ ಆಸ್ತಿಯೂ ಹೌದು.

ಅವನ ಬಳಿ ಫಿಲ್ಮ್ ಇರಲಿಲ್ಲ. ಮೇಣ ಹಿಡಿಸಿದ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ ನೆಗೆಟಿವ್ ಮಾಡುತ್ತಿದ್ದ. ಈ ವಿಧಾನವನ್ನು 1851ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಗುಸ್ತಾವ್ ಲ ಗ್ರೇ. ಲೆನ್ಸಿನ ಮುಚ್ಚಳ ತೆಗೆದು, ನಿಮಿಷಗಟ್ಟಲೆ ಕಾದು, ಮತ್ತೆ ಮುಚ್ಚಬೇಕು. ಮೀಟರ್ ಇಲ್ಲ, ಬಿಸಿಲನ್ನು ಕಣ್ಣಲ್ಲೇ ಅಳೆಯಬೇಕು.

ಇಂದಿನ ಮ್ಯಾನ್ಯುಯಲ್ ಮೋಡ್‌ನಲ್ಲೂ ಇರುವುದು ಇದೇ ಲೆಕ್ಕ. ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು? ಅದು ಅಪರ್ಚರ್. ಎಷ್ಟು ಹೊತ್ತು? ಅದು ಶಟರ್. ಬೆಳಕು ಬೀಳುವ ಜಾಗ ಎಷ್ಟು ಸೂಕ್ಷ್ಮ? ಅದು ಐಎಸ್‌ಓ. ಹಳಬರ ಒಂದು ಸುಲಭ ಸೂತ್ರ ಹೇಳುತ್ತೇನೆ: ಚುರುಕು ಬಿಸಿಲಲ್ಲಿ ಐಎಸ್‌ಓ 100, ಅಪರ್ಚರ್ 16, ಶಟರ್ ಸೆಕೆಂಡಿನ 100ನೇ ಒಂದು ಭಾಗ. ಅಪರ್ಚರನ್ನು 8ಕ್ಕೆ ತೆರೆದರೆ ಬೆಳಕು ನಾಲ್ಕು ಪಟ್ಟು. ಆಗ ಶಟರ್ 400ನೇ ಒಂದು ಭಾಗಕ್ಕೆ ಇಳಿಯಬೇಕು.

1888ರಲ್ಲಿ ಈಸ್ಟ್‌ಮನ್ನನ ಕೊಡಕ್ ಕ್ಯಾಮೆರಾ ಬಂದು ಫೋಟೋ ತೆಗೆಯುವುದು ಗುಂಡಿ ಒತ್ತುವಷ್ಟು ಸುಲಭವಾಯಿತು. 1938ರ ಕೊಡಕ್ ಸೂಪರ್ ಸಿಕ್ಸ್-20 ಬೆಳಕಿನ ಲೆಕ್ಕವನ್ನೂ ತಾನೇ ಮಾಡಿತು. ಅನುಕೂಲವೇನೋ ಆಯಿತು. ಆದರೆ ಆಟೋ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸುಣ್ಣದ ಗೋಡೆ ಮಂಕಾಗುತ್ತದೆ, ಕರಿಯ ವೀರಗಲ್ಲು ಬಿಳುಚುತ್ತದೆ. ಕಲ್ಲು ಮುಖ್ಯವೋ ಆಕಾಶ ಮುಖ್ಯವೋ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು.

ಇನ್ನು ತಿದ್ದುವ ಮಾತು. ಆ ಕಾಲದ ಕಾಗದದಲ್ಲಿ ನೀಲಿ ಆಕಾಶ ಬರೀ ಬಿಳಿಯಾಗಿ ಬರುತ್ತಿತ್ತು. ಅದೇ ಕಾಲದಲ್ಲಿ ಬರ್ಮಾ ಮತ್ತು ದಕ್ಷಿಣ ಭಾರತದ ಚಿತ್ರ ತೆಗೆದ ಲಿನಿಯಸ್ ಟ್ರೈಪ್ ನೆಗೆಟಿವ್ ಮೇಲೆ ಬಣ್ಣದಿಂದ ಮೋಡ ಬರೆದದ್ದುಂಟು! ಅಂದರೆ ತಿದ್ದುವ ಚಪಲಕ್ಕೆ ಕಂಪ್ಯೂಟರೇ ಬೇಕಿಲ್ಲ.

ಈಗ ತೇರಿಗೆ ಬರೋಣ. ಗ್ರೀನ್‌ಲಾ ಚಿತ್ರದಲ್ಲಿ ಆ ಕಲ್ಲಿನ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಅದನ್ನು ತೆಗೆದುಹಾಕಿದರು. 2017ರಲ್ಲಿ ಬಂದ 50 ರೂಪಾಯಿ ನೋಟಿನ ತೇರಿಗೆ ಶಿಖರವಿಲ್ಲ. ಇಟ್ಟಿಗೆ ಚೆನ್ನಾಗಿ ಕಾಣಲ್ಲ ಎಂದು ಚಿತ್ರದಲ್ಲೂ ಯಾರಾದರೂ ಅಳಿಸಿದ್ದರೆ? ಶಿಖರ ಹೇಗಿತ್ತೆಂದು ನೋಡಲು ನಮಗೆ ಈ ಚಿತ್ರವೂ ಉಳಿಯುತ್ತಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. 127 ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಹೋಲಿಸಿ ನೋಡಲು ಸಾಧ್ಯವಾದದ್ದು ಹಾಗೆ.

ಅದಕ್ಕೇ ಮಕ್ಕಳಿಗೆ ಹೇಳಿದ್ದು ಇಷ್ಟು: ಸೊಟ್ಟಗಿದ್ದರೆ ನೆಟ್ಟಗೆ ಮಾಡಿ, ಕತ್ತಲಾಗಿದ್ದರೆ ತುಸು ಬೆಳಕು ಕೊಡಿ. ಇಲ್ಲದ್ದನ್ನು ಸೇರಿಸಬೇಡಿ, ಇದ್ದದ್ದನ್ನು ಅಳಿಸಬೇಡಿ. ಮೂಲ ಚಿತ್ರವನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಹುಡುಗಿ ಮತ್ತೆ ತೆಗೆದಳು, ಮೂರನೇ ಸಲಕ್ಕೆ ಕಲ್ಲಿನ ಕೆತ್ತನೆ ಸ್ಪಷ್ಟವಾಗಿ ಬಂತು. ಮರುವಾರ ತಮ್ಮೂರ ಗುಡಿಯ ಹಿಂದಿನ ಕನ್ನಡ ಶಾಸನದ ಚಿತ್ರ ತಂದಳು. ಬೆಳಗಿನ ಓರೆ ಬಿಸಿಲಲ್ಲಿ ತೆಗೆದಿದ್ದಳು, ಸವೆದ ಅಕ್ಷರಗಳೂ ಎದ್ದು ಕಾಣುತ್ತಿದ್ದವು. ಕಲ್ಲಿನ ಒಂದು ಮೂಲೆ ಆಗಲೇ ಒಡೆದಿದೆ.

ನಿಮ್ಮೂರಿನ ಕಲ್ಲಿನ ಚಿತ್ರ ತೆಗೆದಿದ್ದೀರಾ?