ಟರ್ನಿಪ್ ಸಾಹೇಬರು ಮತ್ತು ನಾಲ್ಕು ಮಡಿಗಳ ಲೆಕ್ಕ

ಹಿತ್ತಲಲ್ಲಿ ತರಕಾರಿ ಬೆಳೆಯುವವರಿಗೆ ಪುಸ್ತಕಗಳು ಹೇಳಿಕೊಡುವ ಬೆಳೆ ಪರಿವರ್ತನೆಯ ಲೆಕ್ಕ ಸುಲಭದ್ದು. ನಾಲ್ಕು ಮಡಿ ಮಾಡಿ. ಒಂದರಲ್ಲಿ ಹುರುಳಿಕಾಯಿ, ಒಂದರಲ್ಲಿ ಕೋಸು, ಒಂದರಲ್ಲಿ ಟೊಮೇಟೊ, ಇನ್ನೊಂದರಲ್ಲಿ ಕ್ಯಾರೆಟ್. ಮುಂದಿನ ವರ್ಷ ಎಲ್ಲವೂ ಒಂದೊಂದು ಮಡಿ ಮುಂದಕ್ಕೆ. ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಪಕ್ಕಾ ರೌಂಡ್ ರಾಬಿನ್!

ಈ ನಾಲ್ಕರ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಇಂಗ್ಲೆಂಡಿನ ನಾರ್ಫೋಕ್ ಪದ್ಧತಿ: ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್. ಇದರ ಕೀರ್ತಿಯೆಲ್ಲ ಚಾರ್ಲ್ಸ್ ಟೌನ್‌ಶೆಂಡ್ ಎಂಬ ಜಮೀನ್ದಾರನಿಗೆ ಹೋಯಿತು. ಭಾವಮೈದುನ ರಾಬರ್ಟ್ ವಾಲ್ಪೋಲ್ ಜೊತೆ ಜಗಳವಾಡಿಕೊಂಡು 1730ರಲ್ಲಿ ಮಂತ್ರಿ ಪದವಿ ಬಿಟ್ಟು ಊರಿಗೆ ಬಂದ ಈ ಪುಣ್ಯಾತ್ಮನಿಗೆ 'ಟರ್ನಿಪ್ ಟೌನ್‌ಶೆಂಡ್' ಅಂತಲೇ ಹೆಸರು. ಕಥೆ ಚೆನ್ನಾಗಿದೆ, ಆದರೆ ಅವನು ಊರಿಗೆ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿನ ರೈತರು ದನಕರುಗಳಿಗೆ ಟರ್ನಿಪ್ ಬೆಳೆಯುತ್ತಿದ್ದರು. ಫ್ಲಾಂಡರ್ಸ್‌ನ ಇಂಥ ಬೇಸಾಯದ ಬಗ್ಗೆ ರಿಚರ್ಡ್ ವೆಸ್ಟನ್ ಬರೆದ ಪುಸ್ತಕ 1650ರಲ್ಲೇ ಅಚ್ಚಾಗಿತ್ತು. ರೈತರ ಕೆಲಸ, ಸಾಹೇಬರ ಹೆಸರು. ನಮ್ಮ ಆಫೀಸುಗಳಲ್ಲೂ ಇದೇ ತಾನೆ?

ಅದಿರಲಿ. ಅದಕ್ಕೂ ಮೊದಲು ಅಲ್ಲಿನ ಎಷ್ಟೋ ಕಡೆ ಜಮೀನಿನ ಮೂರರಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಬೀಳು ಬಿಡುತ್ತಿದ್ದರು. ಬೀಳು ಅಂದರೆ ಬರೀ ವಿಶ್ರಾಂತಿಯಲ್ಲ, ಆ ವರ್ಷ ಉತ್ತು ಉತ್ತು ಕಳೆ ಸಾಯಿಸುವುದು. ಟರ್ನಿಪ್ಪಿಗೆ ಹೇಗೂ ಕಳೆ ಕೀಳಲೇಬೇಕು, ಹಾಗಾಗಿ ಬೀಳಿನ ಕೆಲಸವನ್ನು ಬೆಳೆಯೇ ಮಾಡಿಕೊಟ್ಟಿತು. ಟರ್ನಿಪ್ಪನ್ನು ಹೊಲದಲ್ಲೇ ಕುರಿ ಮೇಯುತ್ತಿತ್ತು, ಗೊಬ್ಬರ ಅಲ್ಲೇ ಬೀಳುತ್ತಿತ್ತು. ಕ್ಲೋವರ್ ಆದ ಮೇಲೆ ಗೋಧಿ ಹುಲುಸಾಗಿ ಬರುತ್ತಿತ್ತು. ಯಾಕೆ ಅಂತ ಸರಿಯಾಗಿ ಗೊತ್ತಾಗಿದ್ದು 1886ರಲ್ಲಿ. ದ್ವಿದಳ ಗಿಡಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ ಅಂತ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿದರು.

ನನಗೆ ತಕರಾರಿರುವುದು ಇಲ್ಲೇ. ಹಿತ್ತಲಿಗೆ ಬರುವಾಗ ನಾಲ್ಕರ ಸರದಿ ಉಳಿಯಿತು, ಕುರಿ ಬಿಟ್ಟುಹೋಯಿತು. ಹುರುಳಿಕಾಯಿ ಕೊಯ್ದು, ಬಳ್ಳಿಯನ್ನು ಬುಡಸಮೇತ ಕಿತ್ತು ಕಸದ ಗಾಡಿಗೆ ಹಾಕಿದರೆ ಹಿಡಿದಿಟ್ಟ ಸಾರಜನಕದ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಬಳ್ಳಿ ಮಣ್ಣಿಗೆ ಸೇರಬೇಕು, ಗೊಬ್ಬರ ಹೊರಗಿನಿಂದ ಬರಬೇಕು. ಹಿತ್ತಲಲ್ಲಿ ಸರದಿಯ ನಿಜವಾದ ಲಾಭ ರೋಗದ ವಿಷಯದಲ್ಲಿ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬ. ಟೊಮೇಟೊ ಆದ ಮೇಲೆ ಬದನೆ ಹಾಕಿದರೆ, ಸೊರಗು ರೋಗದ ಪಾಲಿಗೆ ಏನೂ ಬದಲಾಗಿಲ್ಲ.

ಅಂದ ಹಾಗೆ, ನಮ್ಮ ರಾಗಿ ಸೀಮೆಯ ಅಕ್ಕಡಿ ಸಾಲು ಇದನ್ನು ಬೇರೆ ಥರ ಬಗೆಹರಿಸುತ್ತದೆ. ವರ್ಷದಿಂದ ವರ್ಷಕ್ಕೆ ಕಾಯುವುದೇ ಇಲ್ಲ, ರಾಗಿ ನಡುವೆಯೇ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು. ನಾಲ್ಕು ಮಡಿಗೂ ಜಾಗವಿಲ್ಲದವರಿಗೆ ಇದೇ ವಾಸಿ ಅನ್ನಿಸುತ್ತೆ. ನಿಮ್ಮ ಊರ ಕಡೆ ಅಕ್ಕಡಿಯಲ್ಲಿ ಏನೇನು ಹಾಕುತ್ತಾರೆ, ಹೇಳಿ.