ಕ್ಯಾಂಡಲ್ಲು, ಇದ್ದಿಲು ಮತ್ತು ನನ್ನ ಮೂತ್ರಕೋಶ

"ಉರಿಮೂತ್ರವಾ? ಮನೆಗೊಂದು ಆರ್.ಓ. ಹಾಕಿಸಿಬಿಡಿ" - ಈ ಸಲಹೆ ಕೊಡದ ನೆಂಟರೇ ನನಗಿಲ್ಲ. ನನ್ನದು ಸೂಕ್ಷ್ಮ ಮೂತ್ರಕೋಶ. ಕುಡಿದರೆ ಅರ್ಧ ಗಂಟೆಗೊಮ್ಮೆ ಏಳಬೇಕು, ಕುಡಿಯದಿದ್ದರೆ ಉರಿ. ಮೇಲಿಂದ ನಲ್ಲಿ ನೀರಿನ ಕ್ಲೋರಿನ್ ವಾಸನೆಗೆ ಲೋಟ ಎತ್ತಲೂ ಮನಸ್ಸಾಗುತ್ತಿರಲಿಲ್ಲ. ದುಡ್ಡು ಸುರಿಯೋ ಮೊದಲು ಈ ಫಿಲ್ಟರುಗಳನ್ನೆಲ್ಲ ಯಾರು, ಯಾಕೆ ಮಾಡಿದರು ಅಂತ ಓದುತ್ತಾ ಹೋದೆ. ಪ್ರತಿ ಫಿಲ್ಟರೂ ಯಾವುದೋ ಒಬ್ಬ ಶತ್ರುವಿಗಾಗಿ ಹುಟ್ಟಿದೆ. ಮೂತ್ರಕೋಶಕ್ಕೆ ಅಂತ ಹುಟ್ಟಿದ್ದು ಒಂದೂ ಇಲ್ಲ!

ಮೊದಲ ಶತ್ರು ಕೆಸರು. ಕದಡಿದ ನೀರು ತಿಳಿಯಾಗಲು ಕತಕ ಬೀಜ ಬಳಸುವುದನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಅದೇ ನಮ್ಮ ಚಿಲ್ಲದ ಬೀಜ. ಜೈನರು ನೀರನ್ನು ಬಟ್ಟೆಯಲ್ಲಿ ಸೋಸಿದ್ದು ಆರೋಗ್ಯಕ್ಕಲ್ಲ, ನೀರಿನಲ್ಲಿರೋ ಜೀವಿಗಳು ಸಾಯಬಾರದು ಅಂತ. ಆ ಬಟ್ಟೆಯನ್ನು ಹಗುರವಾಗಿ ಕಾಣಬೇಡಿ: ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಹತ್ತಿ ಸೀರೆಯನ್ನು ಮಡಿಸಿ ನೀರು ಸೋಸಿದಾಗ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಂತ ರೀಟಾ ಕೋಲ್ವೆಲ್ ತಂಡ 2003ರಲ್ಲಿ ತೋರಿಸಿತು.

ಆಮೇಲೆ ಬಂದ ಶತ್ರು ಕಣ್ಣಿಗೆ ಕಾಣದ್ದು. ಪಾಶ್ಚರನ ಪ್ರಯೋಗಶಾಲೆಯಲ್ಲಿದ್ದ ಚಾರ್ಲ್ಸ್ ಚೇಂಬರ್‌ಲ್ಯಾಂಡ್ 1884ರಲ್ಲಿ ಮೆರುಗು ಕೊಡದ ಪಿಂಗಾಣಿಯ ಕೊಳವೆಯಿಂದ ಬ್ಯಾಕ್ಟೀರಿಯಾ ಸೋಸುವ ಫಿಲ್ಟರ್ ಮಾಡಿದ. ನೋಡಲು ಮೇಣದ ಬತ್ತಿಯ ಹಾಗೆ, ಫ್ರೆಂಚರು ಕರೆದದ್ದೂ ಹಾಗೇ. ನಮ್ಮ ಸ್ಟೀಲ್ ಡಬ್ಬದೊಳಗಿನ ಕ್ಯಾಂಡಲ್ಲೂ ಅದೇ ವಂಶದ್ದು. 1892ರಲ್ಲಿ ರಷ್ಯಾದ ಇವಾನೋವ್‌ಸ್ಕಿ ತಂಬಾಕು ಗಿಡದ ರೋಗಕಾರಕ ಈ ಪಿಂಗಾಣಿಯನ್ನೂ ದಾಟಿ ಬರುತ್ತದೆ ಅಂತ ಕಂಡ. ವೈರಸ್ಸಿನ ಸುಳಿವು ಸಿಕ್ಕಿದ್ದು ಹೀಗೆ, ಫಿಲ್ಟರ್ ಸೋತಾಗ!

ನನಗೆ ತುಂಬಾ ಹಿಡಿಸಿದ್ದು ಇದ್ದಿಲಿನ ಕಥೆ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಡಾ. ಜಾನ್ ಲೀಲ್ ಊರಿನ ನೀರಿಗೆ ನಿತ್ಯ ಕ್ಲೋರಿನ್ ಬೆರೆಸಲು ಶುರು ಮಾಡಿದ. ಈ ಪದ್ಧತಿ ಹರಡಿದ ಮೇಲೆ ಟೈಫಾಯ್ಡಿನಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಏಳೇ ವರ್ಷಕ್ಕೆ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು ಅದೇ ಕ್ಲೋರಿನ್ನನ್ನು ವಿಷಾನಿಲವಾಗಿ ಬಿಟ್ಟರು. ವಿಷಾನಿಲ ತಡೆಯುವ ಮುಖವಾಡಗಳಿಗೆ ಇದ್ದಿಲು ಬೇಕಾಯಿತು; ಅಮೆರಿಕದವರು ಅದಕ್ಕೆ ತೆಂಗಿನ ಚಿಪ್ಪು, ಹಣ್ಣಿನ ಓಟೆಗಳನ್ನೆಲ್ಲ ಸುಟ್ಟರು. ನಲ್ಲಿ ನೀರಿನ ಕ್ಲೋರಿನ್ ವಾಸನೆ ತೆಗೆಯಲು ಇವತ್ತು ಕಾರ್ಟ್ರಿಜ್ಜಿನಲ್ಲಿ ಕೂರುವುದೂ ಬಹಳ ಸಲ ಅದೇ ಚಿಪ್ಪಿನ ಇದ್ದಿಲು. ನಮ್ಮ ತಿಪಟೂರಿನವರು ಹೆಮ್ಮೆ ಪಡಬಹುದು :-)

ಆರ್.ಓ. ಹುಟ್ಟಿದ್ದು ಉಪ್ಪಿನ ಮೇಲಿನ ಯುದ್ಧಕ್ಕೆ. ಲೋಬ್ ಮತ್ತು ಭಾರತೀಯ ಮೂಲದ ಸೌರಿರಾಜನ್ 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದರ ಪೊರೆ ತಯಾರಿಸಿದಾಗ ಎದುರಿಗಿದ್ದದ್ದು ಸಮುದ್ರದ ನೀರು. ಸಿಹಿನೀರಿನ ಮನೆಯಲ್ಲಿ ಅದಕ್ಕೇನು ಕೆಲಸ? ಮನೆಯ ಯಂತ್ರಗಳು ಎಷ್ಟೋ ಸಲ ಕೊಡುವುದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಚೆಲ್ಲುತ್ತವೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್.ಓ. ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದಕ್ಕೇ. ಪಾವಗಡದ ಫ್ಲೋರೈಡ್ ಬೋರ್‌ವೆಲ್ಲಿನ ಮಾತು ಬೇರೆ. ಅಲ್ಲಿ ಕ್ಯಾಂಡಲ್ಲು, ಇದ್ದಿಲು, ಯು.ವಿ. ದೀಪ ಯಾವುದಕ್ಕೂ ಫ್ಲೋರೈಡ್ ಜಗ್ಗುವುದಿಲ್ಲ, ಆರ್.ಓ. ಬೇಕು.

ಈಗ ನನ್ನ ಮೂತ್ರಕೋಶಕ್ಕೆ ಬರೋಣ. ನಲ್ಲಿ ನೀರಿನ ಕ್ಲೋರಿನ್ನೇ ಅದನ್ನು ಕೆರಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ನನಗೆ ಸಿಗಲಿಲ್ಲ. ಕಾಫಿಯ ಮೇಲಿನ ದೂರೇ ಜಾಸ್ತಿ (ಅಯ್ಯೋ!). ಪುರಾವೆ ಇರುವುದು ಎಷ್ಟು ಕುಡಿಯುತ್ತೇವೆ ಅನ್ನೋದರ ಬಗ್ಗೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುವ 140 ಹೆಂಗಸರಲ್ಲಿ ಅರ್ಧದಷ್ಟು ಜನ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. (ದುಡ್ಡು ಹಾಕಿದ್ದು ಬಾಟಲಿ ನೀರು ಮಾರುವ ಡ್ಯಾನೋನ್ ಕಂಪನಿ, ಅದನ್ನೂ ಹೇಳಿಬಿಡಬೇಕು.) ಸೋಂಕಿಲ್ಲದೆಯೂ ಉರಿಯುವವರ ಸಮಸ್ಯೆ ಬೇರೆಯೇ. ರಕ್ತ, ಜ್ವರ ಕಂಡರೆ ಫಿಲ್ಟರ್ ಅಂಗಡಿಗಲ್ಲ, ಡಾಕ್ಟರ ಹತ್ತಿರ ಓಡಬೇಕು.

ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ಲೋಟ ಮುಟ್ಟದ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ? ಅವರಿಗೆ ಬೇಕಾದ್ದು ಶೌಚಾಲಯ, ಯಂತ್ರವಲ್ಲ. ಮನೆಯಲ್ಲಾದರೂ ನೀರು ಬಾಯಿಗೆ ರುಚಿಸಬೇಕು, ಅಷ್ಟೇ. ನಮ್ಮದು ಕಾವೇರಿ ನೀರು, ಉಪ್ಪು ಕಡಿಮೆ. ಹಾಗಾಗಿ ಆರ್.ಓ. ಬಿಟ್ಟು ಇದ್ದಿಲು ತುಂಬಿದ ಕ್ಯಾಂಡಲ್ಲಿನ ಸ್ಟೀಲ್ ಫಿಲ್ಟರ್ ತಂದೆ. ನೀರನ್ನು ಮೊದಲು ಕುದಿಸಿ ಆರಿಸುತ್ತೇನೆ. ಕ್ಲೋರಿನ್ ಅಲ್ಲೇ ಬಹುಪಾಲು ಹೋಗುತ್ತದೆ, ಕ್ಯಾಂಡಲ್ ದಾಟುವ ವೈರಸ್ಸೂ ಸಾಯುತ್ತದೆ. ಕ್ಲೋರಿನ್ ಹೋದ ನೀರಿಗೆ ಕಾವಲಿಲ್ಲ, ಇದ್ದಿಲಿನಲ್ಲೂ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಅದಕ್ಕೇ ಕ್ಯಾಂಡಲ್ ಬದಲಿಸುವ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.